ಮಾರ್ಸ್ಯಾಲನ ತಾಯಿಯ ಜೊತೆ ಕ್ರಿಬಿಯಲ್ಲಿ

ಡಿಸೆಂಬರ್ 18, ಭಾನುವಾರ. ಕ್ರಿಬಿ

ನಿನ್ನೆ ನನ್ನ ಮದುವೆ ಆಗಬೇಕಿತ್ತು. ಆಗಲಿಲ್ಲ. ಮದುವೆಯ ಕೋಟು ತರುತ್ತೇನೆಂದು ಗುರುವಾರ ದುವಾಲಾಕ್ಕೆ ಹೋದ ಮಾರ್ಸ್ಯಾಲ್ ವಾಪಸು ಬರಲಿಲ್ಲ. ಶುಕ್ರವಾರ ಅವನ ತಾಯಿಯ ಫೋನಿಗೆ ಒಂದು ಸಾಲು ಬಂತು: 'ನನ್ನ ಕೈಲಿ ಆಗಲ್ಲ, ಕ್ಷಮಿಸು.' ನನ್ನ ಫೋನಿಗೆ ಅದೂ ಇಲ್ಲ.

ಮನೆ ತುಂಬ ನೆಂಟರು, ಹಂಡೆ ಹಂಡೆ ಅಡುಗೆ. ಹಳ್ಳಿಯಿಂದ ಬಂದ ಚಿಕ್ಕಮ್ಮಂದಿರು ಅಳುತ್ತ ಉಂಡರು, ಉಣ್ಣುತ್ತ ಅತ್ತರು. ಸರದಿ ಪ್ರಕಾರ ಬಂದು ನನ್ನ ತಲೆ ಸವರಿ "ಅಶಿಯಾ, ಮಗಳೇ, ಅಶಿಯಾ" ಎಂದರು. ಸಾವಿನ ಮನೆಯಲ್ಲಿ ಹೇಳುವ ಸಮಾಧಾನದ ಮಾತು ಅದು. ಇನ್ನೊಂದು ಸಲ ಕೇಳಿದ್ದರೆ ಕಿರುಚಿಬಿಡುತ್ತಿದ್ದೆ. ಮದುವೆ ಮುಗಿಸಿ ನಾವಿಬ್ಬರೂ ಹೋಗಬೇಕೆಂದು ಕ್ರಿಬಿಯಲ್ಲಿ ಕಡಲಿನೆದುರು ಕೋಣೆ ಹೇಳಿಟ್ಟಿದ್ದೆವು. ನಾನೊಬ್ಬಳೇ ಹೋಗುತ್ತೇನೆ ಎಂದೆ. ಅಮ್ಮ ಎದೆ ಬಡಿದುಕೊಂಡಳು. ಆದರೂ ಬಂದೆ.

ಯಾವುಂಡೆಯಿಂದ ಹೊರಡುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಇನ್ನೇನು ಹೊರಡಬೇಕು, ಪಕ್ಕದ ಸೀಟಿಗೆ ಯಾರೋ ದೊಪ್ಪನೆ ಬಂದು ಕೂತರು. ತಿರುಗಿ ನೋಡಿದರೆ ಮಾರ್ಸ್ಯಾಲನ ತಾಯಿ. ನೇರಳೆ ಬಣ್ಣದ ದೊಗಲೆ ಕಾಬಾ ನಿಲುವಂಗಿ, ತೊಡೆಯ ಮೇಲೆ ಬಟ್ಟೆಗಂಟು.

"ಇಳೀರಿ," ಅಂದೆ.

"ಬಸ್ಸು ನಿಂದೇನು?" ಅಂದರು.

"ನಿಮ್ಮ ಮಗ ಮಾಡಿದ್ದು ಸಾಲದಾ?"

"ಸಾಕು. ಜಾಸ್ತೀನೇ ಆಯ್ತು. ಅದಕ್ಕೇ ಬಂದಿದ್ದು. ಇಂಥ ಹೊತ್ತಲ್ಲಿ ಹೆಣ್ಣು ಹುಡುಗಿ ಒಬ್ಬಳೇ ನೀರಿನ ಹತ್ರ ಹೋಗಬಾರದು."

ಅವರ ಬಾಸಾ ಕುಲದ ಜನ ಹಟಕ್ಕೆ ಬಿದ್ದರೆ ಎತ್ತು ಕಟ್ಟಿ ಎಳೆದರೂ ಕದಲುವುದಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದ. ದಾರಿಯಲ್ಲಿ ಎಡೆಯಾ ಊರಲ್ಲಿ ಬಸ್ಸು ನಿಂತಾಗ ಬೇಯಿಸಿದ ಕಡಲೆಕಾಯಿ ತಂದು ನನ್ನ ಮಡಿಲಿಗೆ ಸುರಿದರು. ಮುಟ್ಟಲಿಲ್ಲ.

ವಸತಿಗೃಹದ ಯಜಮಾನ ಪಾಪಾ ಎಬುಯಾ, ಮುದುಕ, ಬಾಗಿಲಲ್ಲೇ ಕಾದಿದ್ದ. ನನ್ನನ್ನು ನೋಡಿದ, ಅವರನ್ನು ನೋಡಿದ, ನಮ್ಮ ಬೆನ್ನ ಹಿಂದೆ ಬಗ್ಗಿ ನೋಡಿದ. "ಮದುಮಗ ಎಲ್ಲಿ?"

ನಾನು ಬಾಯಿ ತೆರೆಯುವ ಮುಂಚೆಯೇ ಅವರು, "ಮಲೇರಿಯಾ. ಮೈ ಕಾದು ಕೆಂಡ ಆಗಿದೆ. ವಾಸಿಯಾದ ಮೇಲೆ ಬರ್ತಾನೆ," ಎಂದುಬಿಟ್ಟರು.

"ಅಯ್ಯೋ! ಮದುವೆ ದಿನಾನೇ?"

"ಸೊಳ್ಳೆಗೆ ಕ್ಯಾಲೆಂಡರ್ ಓದೋಕೆ ಬರುತ್ತಾ?"

ಕೋಣೆಯಲ್ಲಿ ಒಂದೇ ಮಂಚ. ಅದರ ಮೇಲೆ ದಾಸವಾಳದ ಹೂವುಗಳಲ್ಲಿ ಬಿಡಿಸಿದ ಹೃದಯ. ಮಾರ್ಸ್ಯಾಲನ ತಾಯಿ ಅರ್ಧ ಹೃದಯವನ್ನು ಕೈಯಲ್ಲೇ ಗುಡಿಸಿ ಮಲಗಿದರು. ಈಗ ಗೊರಕೆ ಹೊಡೆಯುತ್ತಿದ್ದಾರೆ. ಅಲೆಯ ಸದ್ದೇ ಕೇಳಿಸುತ್ತಿಲ್ಲ.

ಡಿಸೆಂಬರ್ 19, ಸೋಮವಾರ

ಏಳಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದೆ.

ಅವರು ಬೆಳಗ್ಗೆಯೇ ಹೊರಗೆ ಹೋಗಿ ಊರೆಲ್ಲ ಸುತ್ತಿ ಬಂದರು. ಬಿಸಿ ಬೋಂಡಾ, ಬೇಯಿಸಿದ ಕಾಳು ತಂದು ಮಂಚದ ಬಳಿ ಇಟ್ಟರು. ನಾನು ಕೇಳಲಿ ಬಿಡಲಿ, ವರದಿ ಶುರು: ದೀಪಸ್ತಂಭದ ಬಳಿ ಜರ್ಮನರ ಕಾಲದ ಇಗರ್ಜಿಗೆ ಸುಣ್ಣ ಹೊಡೆಯುತ್ತಿದ್ದಾರಂತೆ, ಯಾವಳೋ ಮೀನನ್ನು ನಿನ್ನೆಯದೆಂದು ಗೊತ್ತಾಗದ ಹಾಗೆ ನೀರು ಚಿಮುಕಿಸಿ ಮಾರುತ್ತಿದ್ದಾಳಂತೆ, ಪಾಪಾ ಎಬುಯಾನ ಹೆಂಡತಿ ಸತ್ತು ಐದು ವರ್ಷವಾಯಿತಂತೆ. ಒಂದೇ ಬೆಳಗಿನಲ್ಲಿ! ಕ್ಷಮೆ ಕೇಳುವ ಮಾತು ಮಾತ್ರ ಒಂದೂ ಇಲ್ಲ.

ಕೊನೆಗೆ ತಡೆಯಲಾರದೆ ಕೇಳಿದೆ. "ನೀವು ಯಾಕೆ ಬಂದಿರಿ? ನಿಜ ಹೇಳಿ."

ಅವರು ಕನ್ನಡಕ ತೆಗೆದು ಕಾಬಾದ ಅಂಚಿಗೆ ಒರಸಿದರು. "ಮೊಕೊಲೊ ಮಾರ್ಕೆಟ್‌ನಲ್ಲಿ ಇಪ್ಪತ್ತು ವರ್ಷದಿಂದ ಬಟ್ಟೆ ಮಾರ್ತಿದೀನಿ. ಅಲ್ಲಿರೋ ಎಲ್ಲರನ್ನೂ ಮದುವೆಗೆ ಕರೆದಿದ್ದೆ. ಇವತ್ತು ಅಂಗಡಿ ಬಾಗಿಲು ಹೇಗೆ ತೆಗೀಲಿ? ನಿಂಗೆ ಆಗಿರೋದು ದುಃಖ ಕಣೇ. ನಾಚಿಕೆ ಆಗಿರೋದು ನಂಗೆ. ದುಃಖ ಇರೋರನ್ನ ಜನ ಮುಟ್ಟಿ ಸಮಾಧಾನ ಮಾಡ್ತಾರೆ. ನಾಚಿಕೆ ಇರೋರ ಹತ್ರ ಯಾರೂ ಬರಲ್ಲ."

ನಾನು ಮತ್ತೆ ಗೋಡೆ ಕಡೆ ತಿರುಗಿದೆ. ಬೋಂಡಾ ತಣ್ಣಗಾದ ಮೇಲೆ ಎರಡು ತಿಂದೆ. ಅವರು ನೋಡಲಿಲ್ಲ ಅಂದುಕೊಂಡಿದ್ದೇನೆ.

ಡಿಸೆಂಬರ್ 20, ಮಂಗಳವಾರ

ಸಂಜೆ ದೋಣಿಗಳು ಬರುವ ಕಟ್ಟೆಗೆ ಬಲವಂತವಾಗಿ ಎಳೆದುಕೊಂಡು ಹೋದರು. ಸಾಲಾಗಿ ಇದ್ದಿಲ ಒಲೆಗಳು, ಹೊಗೆ, ಬಿಯರ್ ಹಿಡಿದ ರಾಜಧಾನಿಯ ಜನ. ಮಾರ್ಸ್ಯಾಲನ ತಾಯಿ ಒಂದೊಂದೇ ಮೀನಿನ ಕಿವಿರು ಎತ್ತಿ ನೋಡುತ್ತ ಹೊರಟರು. ಮೀನು ಸುಡುವ ಹೆಂಗಸಿಗೆ ರೇಗಿತು.

"ತಾಯೀ, ಮೀನು ತಗೋತೀಯೋ, ಇಲ್ಲ ಅದಕ್ಕೆ ಔಷಧಿ ಕೊಡ್ತೀಯೋ?"

"ಇದಕ್ಕೆ ಔಷಧಿ ಕೊಡೋ ಕಾಲ ಮುಗೀತು. ಮಣ್ಣು ಮಾಡ್ಬೇಕು. ಒಳಗಿಟ್ಟಿದೀಯಲ್ಲ, ಆ ಕೆಂಪು ಮೀನು, ಅದನ್ನ ತೆಗಿ."

ಆ ಹೆಂಗಸು ಬಾಯ್ತುಂಬ ನಕ್ಕು ಒಳಗಿನ ಮೀನು ತೆಗೆದಳು. ಜೊತೆಗೆ ಮರಗೆಣಸಿನ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ ಮಿಯೊಂಡೊ, ಖಾರ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಮಗಳು ಯಾಕೆ ಹಿಂಗೆ ಕಡ್ಡಿ ಆಗಿದಾಳೆ?" ಅಂದಳು.

"ಮಗಳಲ್ಲ, ಸೊಸೆ," ಎಂದರು ಅವರು.

"ಸೊಸೆ ಅಲ್ಲ," ಎಂದೆ ನಾನು.

"ಮತ್ತೆ ಇನ್ನೇನು?"

ಒಲೆಯಲ್ಲಿ ಮೀನಿನ ಎಣ್ಣೆ ಚಿಟಗುಟ್ಟಿತು.

ವಾಪಸು ಬಂದರೆ ಪಾಪಾ ಎಬುಯಾ ಮಂಚದ ಮೇಲೆ ಹೊಸ ದಾಸವಾಳ ಇಟ್ಟಿದ್ದಾನೆ. ಮದುಮಗ ಯಾವ ಕ್ಷಣದಲ್ಲಾದರೂ ಬರಬಹುದಲ್ಲ.

ಡಿಸೆಂಬರ್ 22, ಗುರುವಾರ

ಕಡಲಿಗೆ ಇಳಿದೆವು. ಅಂದರೆ ನಾನು ಇಳಿದೆ. ಮಾರ್ಸ್ಯಾಲನ ತಾಯಿ, ನಮ್ಮ ಕಡೆ ತಾಯಂದಿರನ್ನು ಕರೆಯುವ ಹಾಗೆ ಮಾಮಾ ರೆಜಿನ್, ದಡದಲ್ಲೇ ನಿಂತು, ಸಮುದ್ರಕ್ಕೂ ತಮಗೂ ಪರಿಚಯವಿಲ್ಲ, ಕರೆಯದೆ ಒಳಗೆ ಹೋಗುವವರಲ್ಲ ಎಂದರು. ಹುಟ್ಟಿದ್ದು ಸನಗಾ ನದಿಯ ದಡದಲ್ಲಿ, ಬದುಕಿದ್ದು ಮಾರ್ಕೆಟ್ಟಿನಲ್ಲಿ. ಆಮೇಲೆ ಏನು ಅನ್ನಿಸಿತೋ, ಕಾಬಾ ಮೊಣಕಾಲಿಗೆ ಎತ್ತಿ ಕಟ್ಟಿ, ಬಸುರಿ ಬಾತಿನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಬಂದರು. ಒಂದು ಚಿಕ್ಕ ಅಲೆ ಬಂತು. ಗೆದ್ದೆನೆಂದು ಕೈ ಎತ್ತಿದರು. ಅದರ ಹಿಂದೆಯೇ ದೊಡ್ಡದು.

"ಮಾಮಾ, ಕೈ ಹಿಡ್ಕೋ! ಕೈ ಹಿಡ್ಕೋ!"

ಹಿಡಿಯುವಷ್ಟರಲ್ಲಿ ಮುಗಿದಿತ್ತು. ಕಾಬಾ ಗಾಳಿ ತುಂಬಿದ ಬಲೂನಿನ ಹಾಗೆ ಉಬ್ಬಿ, ಕಾಲು ಮೇಲಾಗಿ, ಬಿದ್ದೇಬಿಟ್ಟಳು. ತಲೆವಸ್ತ್ರ ತೇಲಿಹೋಯಿತು. ದೋಣಿಯಲ್ಲಿದ್ದವನೊಬ್ಬ ಅದನ್ನು ಹುಟ್ಟಿನ ತುದಿಯಲ್ಲಿ ಎತ್ತಿ, "ಯಾರದಮ್ಮಾ ಈ ಬಾವುಟ?" ಎಂದು ಕೂಗಿದ. ನಾನು ಎಬ್ಬಿಸಲು ಹೋಗಿ ನಗು ತಡೆಯಲಾರದೆ ಅವಳ ಮೇಲೇ ಬಿದ್ದೆ. ಇಬ್ಬರೂ ಮರಳಲ್ಲಿ ಕೂತು ಕೆಮ್ಮಿದೆವು, ನಕ್ಕೆವು, ಮತ್ತೆ ಕೆಮ್ಮಿದೆವು.

"ನಿನ್ನ ಹಲ್ಲು ಚೆನ್ನಾಗಿವೆ ಕಣೇ," ಅಂದಳು. "ಈಗ ನೋಡಿದೆ."

ಕನ್ನಡಕದ ಕಡ್ಡಿ ಸೊಟ್ಟಗಾಗಿತ್ತು. ಕನ್ನಡಕದಂಗಡಿಯಲ್ಲಿ ನಾನು ಮಾಡುವುದು ಅದೇ ಕೆಲಸವಲ್ಲವೆ, ಸರಿ ಮಾಡಿಕೊಟ್ಟೆ. ಅವಳ ಎಡಕಿವಿ ಬಲಕಿವಿಗಿಂತ ಕೊಂಚ ಮೇಲಿದೆ. ಅದಕ್ಕೆ ತಕ್ಕಂತೆ ಬಗ್ಗಿಸಿದೆ.

ಡಿಸೆಂಬರ್ 25, ಭಾನುವಾರ

ಕ್ರಿಸ್‌ಮಸ್. ಸುಣ್ಣ ಹೊಡೆದ ಇಗರ್ಜಿಗೆ ಹೋದೆವು. ಮಾಮಾ ನಮ್ಮ ಪಂಥದವಳಲ್ಲ. ಯಾವ ಹಾಡಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಎಲ್ಲರೂ ಮುಗಿಸಿದ ಮೇಲೂ ಒಂದು ಸಾಲು ಜಾಸ್ತಿ ಹಾಡಿದಳು. ಮುಂದಿನ ಸಾಲಿನ ಮಕ್ಕಳೆಲ್ಲ ತಿರುಗಿ ನೋಡಿದರು. ಅವಳು ಅವರಿಗೆ ಕಣ್ಣು ಹೊಡೆದಳು.

ಮಧ್ಯಾಹ್ನ ಪಾಪಾ ಎಬುಯಾನ ಮನೆಯಲ್ಲಿ ಊಟ. ಸಿಗಡಿ ಹಾಕಿದ ಎಂಡೊಲೆ ಸೊಪ್ಪು ಮಾಡಿಸಿದ್ದ. ಮಾಮಾ ಒಂದು ತುತ್ತು ತಿಂದು, ಕಹಿ ಸರಿಯಾಗಿ ತೊಳೆದಿಲ್ಲ ಎಂದು ಅಡುಗೆಮನೆಗೇ ನುಗ್ಗಿದಳು. ಮುದುಕನಿಗೆ ಬೇಜಾರಾಗುತ್ತದೆ ಅಂದುಕೊಂಡೆ. ಅವನು ನನ್ನ ಕಡೆ ಬಗ್ಗಿ, "ಐದು ವರ್ಷದಿಂದ ಈ ಅಡುಗೆಮನೇಲಿ ಯಾರೂ ಹಿಂಗೆ ಬೈದಿರಲಿಲ್ಲ," ಎಂದ. ಕಣ್ಣು ತುಂಬಿಕೊಂಡಿತ್ತು.

ಊಟವಾದ ಮೇಲೆ ತೆಂಗಿನ ಮರದ ಕೆಳಗೆ ಕೂತು ಮಾಮಾ ಮಾರ್ಸ್ಯಾಲನ ಕತೆ ಹೇಳಿದಳು. ಚಿಕ್ಕವನಿದ್ದಾಗ ಶಾಲೆಯ ನಾಟಕದಲ್ಲಿ ಸಿಂಹದ ಪಾತ್ರ. ಎಲ್ಲ ಅಭ್ಯಾಸ ಮಾಡಿ, ಪರದೆ ಎತ್ತುವ ಹೊತ್ತಿಗೆ ಬಾಲ ಸಮೇತ ತಾಯಿಯ ಅಂಗಡಿಗೆ ಓಡಿಬಂದಿದ್ದನಂತೆ. "ಮಾರ್ಕೆಟ್ ಮಧ್ಯೆ ಸಿಂಹ ಓಡ್ತಾ ಇದೆ, ಹಿಂದೆ ಮೇಷ್ಟ್ರು. ನಾನು ನಕ್ಕು, ಅವನನ್ನ ಬಟ್ಟೆ ಕೆಳಗೆ ಬಚ್ಚಿಟ್ಟೆ. ಕಳಿಸಬೇಕಿತ್ತು, ಕ್ಲೋದಿನ್. ಬೈದು ವಾಪಸು ಕಳಿಸಬೇಕಿತ್ತು."

ಆ ಕತೆ ನನಗೆ ಅವನು ಹೇಳಿರಲಿಲ್ಲ. ಕೇಳುವಾಗ ಎದೆ ಹಿಂಡಬಹುದೆಂದು ಕಾದೆ. ಸಿಂಹದ ಬಾಲಕ್ಕೆ ಯಾವ ಬಟ್ಟೆ ಹಾಕಿದ್ದೆ ಎಂದು ಕೇಳಿದೆ. ಹಳೇ ಪರದೆಯದಂತೆ.

ಡಿಸೆಂಬರ್ 27, ಮಂಗಳವಾರ

ಲೊಬೆ ನದಿ ಕಡಲಿಗೆ ಬೀಳುವ ಜಾಗಕ್ಕೆ ದೋಣಿಯಲ್ಲಿ ಹೋದೆವು. ಮಾಮಾ ಇಡೀ ದಾರಿ ಕಣ್ಣು ಮುಚ್ಚಿಕೊಂಡಿದ್ದಳು. ಬಂದ ಮೇಲೆ ಎಲ್ಲರಿಗೂ ಜಲಪಾತ ಹೇಗಿತ್ತೆಂದು ವರ್ಣಿಸುತ್ತಿದ್ದಾಳೆ. ಬಿಸಿಲಿಗೆ ನನ್ನ ಮೂಗು ಸುಲಿದಿದೆ. ಅವಳು ತಾಳೆಬೀಜದ ಎಣ್ಣೆ ಹಚ್ಚಿದಳು. ಈಗ ನಾನು ಹುರಿದ ಬಾಳೆಕಾಯಿಯ ವಾಸನೆ ಹೊಡೆಯುತ್ತಿದ್ದೇನೆ. ನಿದ್ದೆ ಬರುತ್ತಿದೆ.

ಡಿಸೆಂಬರ್ 29, ಗುರುವಾರ

ಮಾರ್ಸ್ಯಾಲನ ತಾಯಿಯ ಫೋನು ಬಡಿಯಿತು. ನೋಡಿದ ಕೂಡಲೇ ಎದ್ದು ಹೊರಗೆ ಹೋದರು. ತೆಂಗಿನ ಮರದಾಚೆ ನಿಂತು ನನಗೆ ಬೆನ್ನು ಮಾಡಿ ಮಾತಾಡಿದರು. ಬಂದ ಮೇಲೆ, "ಬಟ್ಟೆ ಗಿರಾಕಿ," ಎಂದರು. ಸುಳ್ಳು ಹೇಳಲು ಬರದವರ ಮುಖ.

"ಗಿರಾಕಿ ಹೆಸರು ಮಾರ್ಸ್ಯಾಲ್ ಅಂತಲಾ?" ಎಂದೆ. ಫೋನನ್ನು ಗಂಟಿನೊಳಗೆ ತುರುಕಿದರು.

ಎಷ್ಟಾದರೂ ಅವನ ತಾಯಿಯೇ. ನಾನು ಏನೆಂದು ತಿಳಿದಿದ್ದೆ? ಅಲೆಯಲ್ಲಿ ನಕ್ಕಿದ್ದು, ಎಣ್ಣೆ ಹಚ್ಚಿದ್ದು, ಎಲ್ಲ ಅವನಿಗೆ ವರದಿಯಾಗಿರುತ್ತದೆ. ನಿಮಗೆ ಬೇಕಾದರೆ ನಾಳೆ ಬೆಳಗಿನ ಬಸ್ಸಿದೆ ಎಂದು ಹೇಳಿದೆ. ಅವರು ಊಟ ಮಾಡದೆ ಮಲಗಿದರು. ಗೊರಕೆ ಇಲ್ಲ.

ಡಿಸೆಂಬರ್ 30, ಶುಕ್ರವಾರ

ಮಾಮಾ ಬೆಳಗಿನ ಬಸ್ಸಿಗೆ ಹೋಗಲಿಲ್ಲ. ಕಾಫಿ ಲೋಟ ಹಿಡಿದು ಬಂದು ನನ್ನೆದುರು ಕೂತಳು.

"ಗಡಿಯಾಚೆ ಲಿಬ್ರವಿಲ್‌ನಲ್ಲಿ ಸ್ನೇಹಿತನ ಮನೇಲಿದಾನೆ. ದಿನಾ ಫೋನ್ ಮಾಡ್ತಾನೆ. ಕ್ಲೋದಿನ್ ಹೆಂಗಿದಾಳೆ ಅಂತಾನೆ. ನೀನೇ ಕೇಳು ಅಂತೀನಿ. ಧೈರ್ಯ ಇಲ್ಲ ಅಂತಾನೆ."

"ಬೇರೆ ಹುಡುಗಿ?"

"ಇಲ್ಲ. ಇದ್ದಿದ್ರೆ ನಂಗೆ ಸುಲಭ ಆಗ್ತಿತ್ತು, ಅವಳನ್ನ ಬೈಕೊಂಡು ಇರ್ತಿದ್ದೆ. ಬರೀ ಹೆದರಿಕೆ." ಲೋಟದೊಳಗೆ ನೋಡಿದಳು. "ನಾಳೆ ಬರ್ತಾನೆ. ನಾನು ಕರೀಲಿಲ್ಲ. ಬರಬೇಡ ಅಂತಾನೂ ಅನ್ನಲಿಲ್ಲ. ಅದನ್ನ ನಿಂಗೆ ಹೇಳ್ಬೇಕಿತ್ತು."

ಕಾಫಿಗೆ ಸಕ್ಕರೆ ಕಮ್ಮಿಯಾಗಿತ್ತು. ನನ್ನದಕ್ಕೆ ಹಾಕಿಕೊಳ್ಳುವಾಗ ಅವಳ ಲೋಟಕ್ಕೂ ಹಾಕಿದೆ.

ಡಿಸೆಂಬರ್ 31, ಶನಿವಾರ

ಬಂದ. ಬಿಳಿ ಅಂಗಿ, ಸಣ್ಣಗಾಗಿದ್ದಾನೆ, ಚೆನ್ನಾಗಿಯೇ ಕಾಣುತ್ತಿದ್ದಾನೆ. ನಾಲ್ಕು ವರ್ಷ ಪ್ರೀತಿಸಿದ ಮುಖ, ಇಲ್ಲವೆಂದರೆ ಸುಳ್ಳಾಗುತ್ತದೆ.

ಗೇಟಿನಲ್ಲೇ ಪಾಪಾ ಎಬುಯಾ ಅವನನ್ನು ತಬ್ಬಿಕೊಂಡ. "ಬಂದ್ಯಾ ಮಗನೇ! ಜ್ವರ ಪೂರ್ತಿ ಬಿಡ್ತಾ?"

"ಯಾವ ಜ್ವರ?"

"ತಲೆಗೇರಿತ್ತು," ಎಂದಳು ಮಾಮಾ. "ಅದಕ್ಕೇ ನೆನಪಿಲ್ಲ."

ಮುದುಕ ಓಡಿಹೋಗಿ ಬುಟ್ಟಿಗಟ್ಟಲೆ ದಾಸವಾಳ ಕೊಯ್ದು ತಂದ. ಅವನನ್ನು ನಾವ್ಯಾರೂ ತಡೆಯಲಿಲ್ಲ.

ಮಾರ್ಸ್ಯಾಲ್ ನನ್ನ ಕಾಲ ಬಳಿ ಮರಳಲ್ಲಿ ಕೂತು ಅತ್ತ. ನಾಟಕವಲ್ಲ, ನಿಜವಾಗಿ ಅತ್ತ. "ದರ್ಜಿ ಅಂಗಡಿ ಕನ್ನಡೀಲಿ ಕೋಟು ಹಾಕ್ಕೊಂಡು ನೋಡ್ದೆ ಕ್ಲೋ. ಯಾರೋ ಬೇರೆಯವನ ಥರ ಕಂಡೆ. ಓಡಿಬಿಟ್ಟೆ. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಲಿಲ್ಲ, ಗಡಿ ದಾಟೇಬಿಟ್ಟೆ." ಜನವರಿಯಲ್ಲಿ ಪುರಸಭೆಯಲ್ಲಿ ಸಹಿ ಹಾಕಿಬಿಡೋಣ, ಗದ್ದಲ ಬೇಡ, ನೀನು, ನಾನು, ಅಮ್ಮ, ಇಷ್ಟೇ ಸಾಕು ಎಂದ.

ನೀನು, ನಾನು, ಅಮ್ಮ. ಅದು ಕಿವಿಯಲ್ಲಿ ಉಳಿಯಿತು. ನಾಳೆ ಹೇಳುತ್ತೇನೆ ಎಂದೆ.

ಮಾಮಾ ಇದ್ದಿಲ ಒಲೆಯ ಬಳಿ ಬೆನ್ನು ಮಾಡಿ ನಿಂತಿದ್ದಳು. ಬೆಳಗ್ಗೆ ತಂದದ್ದು ಎರಡೇ ಮೀನು. ತನ್ನದನ್ನು ಅವನ ತಟ್ಟೆಗೆ ಹಾಕಿದಳು. ನಾನು ನನ್ನದರಲ್ಲಿ ಅರ್ಧ ಮುರಿದು ಅವಳಿಗೆ ಕೊಟ್ಟೆ. ಅವನು ಹಸಿದಿದ್ದ, ಗಮನಿಸಲಿಲ್ಲ. ಪಾಪಾ ಎಬುಯಾ ಅವನಿಗೆ ಪಕ್ಕದ ಕೋಣೆ ಕೊಡಬೇಕಾಗಿ ಬಂದದ್ದಕ್ಕೆ ಬಹಳ ಗೊಂದಲದಲ್ಲಿದ್ದಾನೆ.

ಜನವರಿ 1, ಭಾನುವಾರ

ಬೆಳಗ್ಗೆ ಎದ್ದಾಗ ಮಾಮಾ ಕಡಲ ಕಡೆಯ ಮೋಟುಗೋಡೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ.

"ಏನ್ ಮಾಡ್ಲಿ ಮಾಮಾ?"

"ನನ್ನ ಕೇಳಬೇಡ."

"ನಿನ್ನನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ?"

"ಯಾರನ್ನಾದ್ರೂ ಕೇಳು. ಪಾಪಾ ಎಬುಯಾನ ಕೇಳು, ಆ ಮೀನಿನವಳನ್ನ ಕೇಳು." ಕಡಲ ಕಡೆ ತಿರುಗಿದಳು. "ನೀನು ನಮ್ಮನೆಗೆ ಬರ್ಬೇಕು ಅಂತ ನಂಗೆಷ್ಟು ಆಸೆ ಇದೆ ಗೊತ್ತಾ? ಅಷ್ಟು ಆಸೆ ಇರೋರ ಮಾತು ನಂಬಬಾರದು ಕಣೇ. ನಾನು ಹೂಂ ಅಂದ್ರೆ ಅದು ನಂಗೋಸ್ಕರ. ಬೇಡ ಅಂದ್ರೆ ಹೆತ್ತ ಹೊಟ್ಟೆಗೆ ದ್ರೋಹ. ಸುಮ್ನೆ ಕೂರ್ತೀನಿ. ಅಷ್ಟು ನನ್ನ ಕೈಲಾಗುತ್ತೆ."

ಅಷ್ಟು ಹೊತ್ತು ಅವಳು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೂಂ ಎಂದರೆ ಹೇಗಿರುತ್ತದೆಂದು ಯೋಚಿಸಿದೆ. ಭಾನುವಾರ. ಮಾಮಾಳ ಮನೆಯ ಹಿತ್ತಿಲು, ದೊಡ್ಡ ಪಾತ್ರೆ. ನಾನು ಸೊಪ್ಪು ತೊಳೆಯುತ್ತೇನೆ, ಇನ್ನೊಂದು ಸಲ ತೊಳಿ ಎಂದು ಅವಳು ಕೂಗುತ್ತಾಳೆ, ನಾನೂ ಏನೋ ತಿರುಗಿ ಅನ್ನುತ್ತೇನೆ. ಎಲ್ಲ ಕಣ್ಣಿಗೆ ಕಟ್ಟಿತು, ಬಿಸಿಲು ಎಲ್ಲಿ ಬೀಳುತ್ತದೆಂಬುದು ಕೂಡ. ಆಮೇಲೆ ಮಾರ್ಸ್ಯಾಲನನ್ನು ಆ ಚಿತ್ರದೊಳಗೆ ಕರೆತರಲು ನೋಡಿದೆ. ಬಾಗಿಲಲ್ಲಿ ನಿಲ್ಲಿಸಿದೆ, ಕುರ್ಚಿಯಲ್ಲಿ ಕೂರಿಸಿದೆ. ಎಲ್ಲಿ ಇಟ್ಟರೂ ದಾರಿಗೆ ಅಡ್ಡವಾಗುತ್ತಿದ್ದ.

ಎದ್ದು ಹೋಗಿ ಅವನಿಗೆ ಆಗುವುದಿಲ್ಲವೆಂದೆ. ಕೂಗಾಡಲಿಲ್ಲ. ನನಗೇ ಆಶ್ಚರ್ಯವಾಗುವಷ್ಟು ಮೆತ್ತಗೆ ಹೇಳಿದೆ.

"ಇನ್ಯಾರಾದ್ರೂ ಇದಾರಾ?" ಎಂದು ಕೇಳಿದ.

ನಗು ಬಂತು. ಯಾಕೆಂದು ಗೊತ್ತಿಲ್ಲ.

ಅವನು ಮಧ್ಯಾಹ್ನದ ಬಸ್ಸಿಗೆ ಹೊರಟ. ಮಾಮಾ ತನ್ನ ಗಂಟು ಕಟ್ಟತೊಡಗಿದಳು.

"ನಾನು ಅವನ ಜೊತೆ ಹೋಗ್ತೀನಿ."

"ಹೋಗು."

"ಒಬ್ಬನೇ ಕಳಿಸಿದ್ರೆ ಇನ್ನೆಲ್ಲಿಗೆ ಓಡ್ತಾನೋ. ಈ ಸಲ ಬಟ್ಟೆ ಕೆಳಗೆ ಬಚ್ಚಿಡಲ್ಲ. ನಿಮ್ಮಮ್ಮನ ಮನೆಗೆ ಕರ್ಕೊಂಡು ಹೋಗಿ ಅಂಗಳದಲ್ಲಿ ನಿಲ್ಲಿಸಿ ಕ್ಷಮೆ ಕೇಳಿಸ್ತೀನಿ. ಬೈಲಿ, ಪೊರಕೆ ತಗೊಂಡು ಹೊಡೀಲಿ."

"ಹೊಡೀತಾಳೆ."

"ಹೊಡೀಲಿ." ಗಂಟು ಬಿಗಿದಳು. "ನಾನು ಹೋಗ್ತಿದೀನಿ ಅಂತ ನಿಂಗೆ ಕೋಪ ಇಲ್ವಾ?"

"ಇಲ್ಲ."

"ಸ್ವಲ್ಪನಾದ್ರೂ ಮಾಡ್ಕೋ. ಇಲ್ದಿದ್ರೆ ನಂಗೆ ಬೇಜಾರಾಗುತ್ತೆ."

ಬಸ್ಸು ಹೊರಡುವಾಗ ಅವನು ಮುಂದೆ ನೋಡುತ್ತಿದ್ದ. ಅವಳು ಕಿಟಕಿಯಿಂದ ಅರ್ಧ ಹೊರಗೆ ಬಂದು, ಮೂಗಿಗೆ ಎಣ್ಣೆ ಹಚ್ಚಿಕೋ ಎಂದು ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದಳು.

ಜನವರಿ 2, ಸೋಮವಾರ

ಪಾಪಾ ಎಬುಯಾನಿಗೆ ನಿಜ ಹೇಳಿದೆ. ಬಹಳ ಹೊತ್ತು ಯೋಚಿಸಿ, "ಹಾಗಾದ್ರೆ ಮಲೇರಿಯಾ ಇರಲಿಲ್ಲ," ಎಂದ. ಆಮೇಲೆ ಆ ತಾಯಿ ಮತ್ತೆ ಬರುತ್ತಾಳಾ ಎಂದು ಕೇಳಿದ.

ಕಟ್ಟೆಗೆ ಒಬ್ಬಳೇ ಹೋಗಿ ಮೀನು ತಿಂದೆ. ಕಿವಿರು ಎತ್ತಿ ನೋಡಿಯೇ ತೆಗೆದುಕೊಂಡೆ. ಕಡಲು ಚೆನ್ನಾಗಿತ್ತು. ಎದೆಮಟ್ಟದ ನೀರಿನವರೆಗೆ ಹೋದೆ, ಅಲೆಯ ಮೇಲೆ ಅಂಗಾತ ತೇಲಿದೆ.

ಕೋಣೆ ತೀರ ನಿಶ್ಶಬ್ದ. ನಾಳೆ ಹೊರಡುತ್ತೇನೆ.

ಜನವರಿ 14, ಶನಿವಾರ. ಯಾವುಂಡೆ

ಹತ್ತು ದಿನಕ್ಕೂ ಮೇಲಾಯಿತು, ಬರೆದಿಲ್ಲ. ಅಂಗಡಿ, ಮನೆ. ತಾಯಿ ಮಗ ಬಂದು ಹೋದದ್ದನ್ನು ಅಮ್ಮ ದಿನಕ್ಕೊಂದು ರೀತಿ ಹೇಳುತ್ತಾಳೆ. ಪೊರಕೆಯಲ್ಲಿ ಹೊಡೆಯಲಿಲ್ಲವಂತೆ, ಅವನ ಮುಖ ನೋಡಿ ಕೈಯೇ ಏಳಲಿಲ್ಲವಂತೆ. "ಆದ್ರೆ ಆ ಹೆಂಗಸಿನ ಹೆಸರು ಮಾತ್ರ ಈ ಮನೇಲಿ ಎತ್ತಬೇಡ," ಎಂದಿದ್ದಾಳೆ.

ಇವತ್ತು ತಂಗಿಯ ಮಗುವಿನ ದೀಕ್ಷಾಸ್ನಾನಕ್ಕೆ ಬಟ್ಟೆ ಬೇಕಿತ್ತು. ಬಟ್ಟೆ ಎಲ್ಲ ಕಡೆ ಸಿಗುತ್ತದೆ. ಮೊಕೊಲೊಗೆ ಹೋದೆ.

ಶನಿವಾರದ ಮಾರ್ಕೆಟ್ಟು, ಕಾಲಿಡಲು ಜಾಗವಿಲ್ಲ. ದೂರದಿಂದಲೇ ಮಾಮಾಳ ಗಂಟಲು ಕೇಳಿಸಿತು, ಬಣ್ಣ ಬಿಡುತ್ತಾ ಎಂದು ಕೇಳಿದ ಯಾವಳಿಗೋ, "ಇದರ ಬಣ್ಣ ಬಿಟ್ರೆ ನನ್ನ ಬಣ್ಣಾನೂ ಬಿಡುತ್ತೆ, ತಗೊಂಡ್ಹೋಗು!" ಎನ್ನುತ್ತಿದ್ದಳು. ಸುತ್ತ ಹೆಂಗಸರ ಗುಂಪು, ಎಲ್ಲರ ಕೈಯಲ್ಲೂ ಬಿಚ್ಚಿದ ಬಟ್ಟೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಗುಂಪಿನ ಹಿಂದೆ ನಿಂತು ಕಾದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಆರು ಗಜದ ನೀಲಿ ಬಟ್ಟೆಯೊಂದನ್ನು ಗುಂಪಿನ ತಲೆಯ ಮೇಲಿಂದ ನನ್ನತ್ತ ಬೀಸಿದಳು.

"ಏನ್ ನೋಡ್ತಾ ನಿಂತೆ? ಆ ತುದಿ ಹಿಡಿ."

ಹಿಡಿದೆ. ಅವಳು ಈ ಕಡೆಯಿಂದ, ನಾನು ಆ ಕಡೆಯಿಂದ, ಝಾಡಿಸಿ, ಮಡಿಸಿ, ಹತ್ತಿರ ಬಂದು ತುದಿಗೆ ತುದಿ ಸೇರಿಸಿ, ಮತ್ತೆ ಇನ್ನೊಂದು. ನಡುವೆ ಹಲಸಂದೆ ಕಡುಬು ತರಿಸಿದಳು, ನಿಂತೇ ತಿಂದೆವು. ಸೂರ್ಯ ಇಳಿಯುವವರೆಗೂ ಗಿರಾಕಿ ತಪ್ಪಲಿಲ್ಲ. ಬಾಗಿಲು ಹಾಕುವಾಗ, ಶನಿವಾರ ಒಬ್ಬಳ ಕೈಲಿ ಆಗಲ್ಲ, ಇನ್ನು ಮೇಲೆ ಬೇಗ ಬಾ ಎಂದು ಗದರಿದಳು.

ಮನೆಗೆ ಬಂದು ಕಾಲು ತೊಳೆಯುವಾಗ ನೆನಪಾಯಿತು, ಮಾರ್ಸ್ಯಾಲ್ ಹೇಗಿದ್ದಾನೆಂದು ಕೇಳುವುದು ಮರೆತೇಹೋಗಿತ್ತು. ಮಗುವಿನ ಬಟ್ಟೆಯನ್ನೂ ತಂದಿಲ್ಲ.

ರಟ್ಟೆ ನೋಯುತ್ತಿದೆ. ಹಿಮ್ಮಡಿಯಲ್ಲಿ ಬೊಬ್ಬೆ ಬಂದಿದೆ. ಎತ್ತರದ ಚಪ್ಪಲಿ ಹಾಕಿಕೊಂಡು ಹೋದದ್ದು ತಪ್ಪಾಯಿತು. ಮುಂದಿನ ಶನಿವಾರ ರಬ್ಬರ್ ಚಪ್ಪಲಿ ಸಾಕು.